ಚಾರ್ಜರ್ ಇಲ್ಲದೆ ಮಾರುವ ಲ್ಯಾಪ್‌ಟಾಪ್‌ಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನ ನಮ್ಮ ಅಂಗಡಿಯಲ್ಲಿ, ಕಂಪನಿಗಳು ಕೆಲವು ವರ್ಷ ಬಳಸಿ ಬಿಟ್ಟ ಲ್ಯಾಪ್‌ಟಾಪ್‌ಗಳನ್ನು ಲಾಟ್ ಲೆಕ್ಕದಲ್ಲಿ ತಂದು, ಪರೀಕ್ಷಿಸಿ, ಬೇಕಾದ ದುರಸ್ತಿ ಮಾಡಿ ಮಾರುತ್ತೇವೆ. ಹೊಸ ಲ್ಯಾಪ್‌ಟಾಪ್‌ಗಳೂ ಇವೆ. ಲಾಟ್‌ನಲ್ಲಿ ಬಂದವುಗಳ ಪೈಕಿ ಟೈಪ್-ಸಿ ಪೋರ್ಟ್‌ನಿಂದ ಚಾರ್ಜ್ ಆಗುವವುಗಳಿಗೆ ಚಾರ್ಜರ್ ಸಹಿತ, ಚಾರ್ಜರ್ ರಹಿತ ಎಂದು ಎರಡು ಬೆಲೆಗಳನ್ನು ನಮೂದಿಸಿರುತ್ತೇವೆ. ಈ ಎರಡು ಬೆಲೆಗಳ ಬಗ್ಗೆ ಅಂಗಡಿಗೆ ಬರುವವರು, ಮಂಡ್ಯ, ಮದ್ದೂರು, ನಂಜನಗೂಡುಗಳಿಂದ ಫೋನ್ ಮಾಡುವವರು ಕೇಳುವ ಪ್ರಶ್ನೆಗಳು ಬಹುತೇಕ ಒಂದೇ ಆಗಿರುವುದರಿಂದ ಉತ್ತರಗಳನ್ನು ಇಲ್ಲಿ ಬರೆದಿಟ್ಟಿದ್ದೇವೆ.

ಲ್ಯಾಪ್‌ಟಾಪ್ ಕೊಟ್ಟು ಚಾರ್ಜರ್ ಕೊಡದಿರುವುದು ಮೋಸವಲ್ಲವೇ?

ಬೆಲೆ ಇಳಿಸದೆ ಚಾರ್ಜರನ್ನು ಮಾತ್ರ ತೆಗೆದಿಟ್ಟುಕೊಂಡರೆ ಅದು ಮೋಸವೇ ಸರಿ. 2020ರ ಅಕ್ಟೋಬರಿನಲ್ಲಿ ಐಫೋನ್ 12 ಬಂದಾಗ ಆಪಲ್ ಕಂಪನಿಯು ಪರಿಸರದ ಕಾರಣ ನೀಡಿ ಡಬ್ಬಿಯಿಂದ ಚಾರ್ಜರನ್ನು ಕೈಬಿಟ್ಟಿತು. ಚಾರ್ಜರ್ ಇಲ್ಲದ ಫೋನು ಅಪೂರ್ಣ ವಸ್ತು ಎಂದು ಬ್ರೆಜಿಲ್ ಸರ್ಕಾರ 2022ರ ಸೆಪ್ಟೆಂಬರಿನಲ್ಲಿ ಆ ಕಂಪನಿಗೆ ದಂಡ ಹಾಕಿ, ಅಂಥ ಫೋನುಗಳ ಮಾರಾಟಕ್ಕೆ ತಡೆ ಒಡ್ಡಿತು. ಕೊಳ್ಳುವವರ ಸಿಟ್ಟು ಎಲ್ಲಿಂದ ಬರುತ್ತದೆ ಎಂಬುದು ನಮಗೆ ಅರ್ಥವಾಗುತ್ತದೆ. ಆದ್ದರಿಂದಲೇ ನಮ್ಮಲ್ಲಿ 65 ವ್ಯಾಟಿನ ಚಾರ್ಜರ್ ಬೇಡವೆಂದವರಿಗೆ 1,500 ರೂಪಾಯಿ ಕಡಿಮೆ ಮಾಡುತ್ತೇವೆ. ಅದೇ ಚಾರ್ಜರನ್ನು ಬಿಡಿಯಾಗಿ ಕೊಳ್ಳಲು ಬಂದವರಿಗೂ ಅದರ ಬೆಲೆ ಅಷ್ಟೇ. ಈ ಎರಡು ಸಂಖ್ಯೆಗಳು ಬೇರೆ ಬೇರೆಯಾಗಿದ್ದರೆ ಎಲ್ಲೋ ಕೈಚಳಕ ನಡೆದಿದೆ ಎಂದೇ ತಿಳಿಯಿರಿ, ಅದು ನಮ್ಮ ಅಂಗಡಿಯಾದರೂ ಸರಿ.

ಇದು ನೀವೇ ಹುಟ್ಟುಹಾಕಿದ ಪದ್ಧತಿಯೇ?

ಅಲ್ಲ. ಲಾಟ್‌ನಲ್ಲಿ ಬರುವ ಯಂತ್ರಗಳೊಂದಿಗೆ ಚಾರ್ಜರ್‌ಗಳು ಸರಿಯಾಗಿ ಬರುವುದು ಅಪರೂಪ. ಲ್ಯಾಪ್‌ಟಾಪ್‌ಗಳು ಒಂದು ಕಡೆ, ಚಾರ್ಜರ್‌ಗಳು ಬೇರೊಂದು ಗೋಣಿಚೀಲದಲ್ಲಿ ಹಗ್ಗದ ಸಿಕ್ಕಿನಂತೆ ಹೆಣೆದುಕೊಂಡು ಬರುತ್ತವೆ. ಐವತ್ತು ಲ್ಯಾಪ್‌ಟಾಪ್‌ಗಳಿಗೆ ಐವತ್ತು ಚಾರ್ಜರ್ ಇದ್ದ ದಿನ ನಮಗೆ ಹಬ್ಬ. ಹೀಗಾಗಿ ಬರೀ ಮಿಷನ್ ಮಾರುವುದು ಈ ವ್ಯಾಪಾರದಲ್ಲಿ ಮೊದಲಿನಿಂದಲೂ ಇದ್ದದ್ದೇ. ಹೊರದೇಶಗಳಲ್ಲಿ ಫ್ರೇಮ್‌ವರ್ಕ್ ಎಂಬ ಕಂಪನಿಯು ಕೊಳ್ಳುವವರೇ ಜೋಡಿಸಿಕೊಳ್ಳುವ ತನ್ನ ಲ್ಯಾಪ್‌ಟಾಪ್‌ಗಳಲ್ಲಿ ಚಾರ್ಜರನ್ನು ಬೇಕಾದವರಿಗೆ ಮಾತ್ರ ಸೇರಿಸುತ್ತದೆ.

ಇದಕ್ಕೆ ಕಾನೂನಿನ ರೂಪ ಕೊಟ್ಟದ್ದು ಐರೋಪ್ಯ ಒಕ್ಕೂಟ. ಅಲ್ಲಿ 2009ರ ಹೊತ್ತಿಗೆ ಸುಮಾರು 30 ಬಗೆಯ ಮೊಬೈಲ್ ಚಾರ್ಜರ್‌ಗಳಿದ್ದವು. ಕಂಪನಿಗಳು ತಾವಾಗಿಯೇ ಒಪ್ಪಂದ ಮಾಡಿಕೊಂಡು ಅದು 3ಕ್ಕೆ ಇಳಿಯಿತಾದರೂ ಒಂದಕ್ಕೆ ಇಳಿಯಲಿಲ್ಲವಾಗಿ, 2022ರಲ್ಲಿ ಕಾನೂನನ್ನೇ ಮಾಡಬೇಕಾಯಿತು. ಫೋನು, ಟ್ಯಾಬ್ಲೆಟ್ ಮುಂತಾದವುಗಳಿಗೆ 2024ರ ಡಿಸೆಂಬರ್ 28ರಿಂದಲೂ, ಲ್ಯಾಪ್‌ಟಾಪ್‌ಗಳಿಗೆ 2026ರ ಏಪ್ರಿಲ್ 28ರಿಂದಲೂ ಅದರ ಪ್ರಕಾರ ಟೈಪ್-ಸಿ ಕಡ್ಡಾಯ. ಬಳಸದೆ ಬಿದ್ದಿರುವ ಮತ್ತು ಎಸೆದ ಚಾರ್ಜರ್‌ಗಳಿಂದ ಅಲ್ಲಿ ವರ್ಷಕ್ಕೆ ಸುಮಾರು 11,000 ಟನ್ ಇ-ತ್ಯಾಜ್ಯ ಆಗುತ್ತದೆಂಬ ಅಂದಾಜು ಈ ಕಾನೂನಿನ ಹಿಂದಿತ್ತು. ಚಾರ್ಜರ್ ಕೊಡುವುದನ್ನೇ ಈ ಕಾನೂನು ನಿಷೇಧಿಸಿದೆ ಎಂದು ನಮ್ಮಲ್ಲಿ ಹಲವರು ತಿಳಿದಿದ್ದಾರೆ; ಅದು ಸರಿಯಲ್ಲ. ಚಾರ್ಜರ್ ಸಹಿತ ಮಾರುವವರು ಅದೇ ವಸ್ತುವನ್ನು ಚಾರ್ಜರ್ ರಹಿತವಾಗಿಯೂ ಕೊಳ್ಳುವ ಅವಕಾಶ ಕೊಡಬೇಕು, ಒಳಗೆ ಚಾರ್ಜರ್ ಇದೆಯೋ ಇಲ್ಲವೋ ಎಂಬುದನ್ನು ಡಬ್ಬಿಯ ಮೇಲೆ ಚಿತ್ರದ ಮೂಲಕ ತೋರಿಸಬೇಕು ಎಂಬುದಷ್ಟೇ ಅದರ ನಿಯಮ. 2025ರ ಅಕ್ಟೋಬರಿನಲ್ಲಿ ಬಂದ, ಎಂ5 ಚಿಪ್ಪಿನ ಆಪಲ್ ಲ್ಯಾಪ್‌ಟಾಪ್ ಮ್ಯಾಕ್‌ಬುಕ್ ಪ್ರೊ ಯುರೋಪಿನಲ್ಲಿ ಚಾರ್ಜರ್ ಇಲ್ಲದೆಯೇ ಮಾರಾಟಕ್ಕೆ ಬಂತು.

ನಮ್ಮ ದೇಶದಲ್ಲಿ ಇಂಥ ನಿಯಮ ಇದೆಯೇ?

ಟೈಪ್-ಸಿ ಕುರಿತ ಭಾರತೀಯ ಮಾನಕವನ್ನು ಭಾರತೀಯ ಮಾನಕ ಬ್ಯೂರೊ (ಬಿಐಎಸ್) 2023ರ ಜನವರಿಯಲ್ಲಿ ಪ್ರಕಟಿಸಿದೆ. ಪೋರ್ಟ್, ಪ್ಲಗ್ ಮತ್ತು ಕೇಬಲ್ ಹೇಗಿರಬೇಕು ಎಂಬುದನ್ನು ಹೇಳುವ ಈ ಮಾನಕವು ಡಬ್ಬಿಯೊಳಗೆ ಚಾರ್ಜರ್ ಇರಬೇಕೇ ಬೇಡವೇ ಎಂಬ ವಿಚಾರಕ್ಕೆ ಹೋಗುವುದಿಲ್ಲ. ಆ ನಿರ್ಧಾರ ಮಾರುವವರದು. ಅದನ್ನು ಕೊಳ್ಳುವವರಿಗೆ ಮೊದಲೇ ಸ್ಪಷ್ಟವಾಗಿ ತಿಳಿಸುವ ಹೊಣೆಯೂ ಮಾರುವವರದೇ. ನಮ್ಮ ಬಿಲ್ಲಿನಲ್ಲಿ ‘ಚಾರ್ಜರ್ ರಹಿತ’ ಎಂದು ಬರೆದು ಗ್ರಾಹಕರ ಸಹಿ ಪಡೆಯುತ್ತೇವೆ. ಎಲ್ಲಿಯಾದರೂ ಈ ವಿಷಯವನ್ನು ಮುಚ್ಚಿಟ್ಟು ಮಾರಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು; ಅಲ್ಲಿಗೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗವಿದೆ.

ಹೊಸ ಲ್ಯಾಪ್‌ಟಾಪ್‌ನ ಡಬ್ಬಿಯಿಂದ ಚಾರ್ಜರ್ ತೆಗೆದಿಟ್ಟುಕೊಂಡು ಬೆಲೆ ಇಳಿಸುವಿರಾ?

ಇಲ್ಲ. ಹೊಸ ಲ್ಯಾಪ್‌ಟಾಪ್ ಸೀಲು ಮಾಡಿದ ಡಬ್ಬಿಯಲ್ಲಿ, ಒಳಗೇನೇನಿದೆ ಎಂಬ ವಿವರ ಮತ್ತು ಎಂಆರ್‌ಪಿ ಸಹಿತ ಬರುತ್ತದೆ. ಅದನ್ನು ಒಡೆದು ಒಂದು ವಸ್ತುವನ್ನು ತೆಗೆಯುವ ಅಂಗಡಿಯವನು ಇನ್ನೇನನ್ನು ತೆಗೆದಿರಬಹುದೋ ಎಂಬ ಅನುಮಾನಕ್ಕೆ ನಾವೇ ದಾರಿ ಮಾಡಿಕೊಡುವುದಿಲ್ಲ.

ಮನೆಯಲ್ಲಿರುವ ಚಾರ್ಜರ್ ಸಾಕಾಗುತ್ತದೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ?

ಅತಿ ಹೆಚ್ಚು ಬಾರಿ ಕೇಳುವ ಪ್ರಶ್ನೆ ಇದು, ಅತಿ ಹೆಚ್ಚು ಬಾರಿ ತಪ್ಪು ಉತ್ತರ ಸಿಗುವ ಪ್ರಶ್ನೆಯೂ ಇದೇ. ನಾವೂ ತಪ್ಪಿದ್ದೇವೆ. ಈ ಪದ್ಧತಿ ಶುರು ಮಾಡಿದ ಹೊಸತರಲ್ಲಿ ಮದ್ದೂರಿನ ಕಡೆಯ ಶಿಕ್ಷಕರೊಬ್ಬರು ‘ಮನೆಯಲ್ಲಿ ಟೈಪ್-ಸಿ ಚಾರ್ಜರ್ ಇದೆ’ ಎಂದದ್ದಕ್ಕೆ, ಯಾವುದು, ಎಷ್ಟು ವ್ಯಾಟಿನದು ಎಂದು ಒಂದು ಮಾತೂ ಕೇಳದೆ ಬರೀ ಮಿಷನ್ ಕೊಟ್ಟು ಕಳಿಸಿದೆವು. ಮಾರನೆಯ ದಿನ ಅವರು ಬಸ್ಸು ಹತ್ತಿ ಲ್ಯಾಪ್‌ಟಾಪ್ ಸಮೇತ ವಾಪಸು ಬಂದರು. ಅವರ ಕೈಲಿದ್ದದ್ದು 10 ವ್ಯಾಟಿನ ಹಳೆಯ ಮೊಬೈಲ್ ಚಾರ್ಜರು. ಬಸ್ಸಿನ ಖರ್ಚನ್ನು ಕೊಡಲು ಹೋದರೆ ಅವರು ತೆಗೆದುಕೊಳ್ಳಲಿಲ್ಲ, ಅದು ಇನ್ನಷ್ಟು ನಾಚಿಕೆಯಾಯಿತು. ಅಂದಿನಿಂದ, ಚಾರ್ಜರನ್ನು ಕಣ್ಣಾರೆ ನೋಡದೆ, ಕನಿಷ್ಠ ಅದರ ಹಿಂಬದಿಯ ಫೋಟೋವನ್ನಾದರೂ ನೋಡದೆ, ಚಾರ್ಜರ್ ರಹಿತ ಲ್ಯಾಪ್‌ಟಾಪನ್ನು ನಾವು ಮಾರುವುದಿಲ್ಲ.

ಚಾರ್ಜರಿನ ಮೈಮೇಲೆ ಇರುವೆಯಂಥ ಅಕ್ಷರಗಳಲ್ಲಿ ‘ಔಟ್‌ಪುಟ್’ ಎಂಬ ಸಾಲು ಇರುತ್ತದೆ. ಓದಲಾಗದಿದ್ದರೆ ಮೊಬೈಲಿನಲ್ಲಿ ಫೋಟೋ ತೆಗೆದು ಹಿಗ್ಗಿಸಿ ನೋಡಿ. ಅಲ್ಲಿ 5 ವೋಲ್ಟ್ 3 ಆಂಪಿಯರ್, 9 ವೋಲ್ಟ್ 3 ಆಂಪಿಯರ್, 15 ವೋಲ್ಟ್ 3 ಆಂಪಿಯರ್ ಎಂದು ಸಾಗಿ ಕೊನೆಯಲ್ಲಿ 20 ವೋಲ್ಟ್ 3.25 ಆಂಪಿಯರ್ ಎಂದಿದ್ದರೆ ನಿಮ್ಮ ಕೆಲಸ ಸುಲಭ. ಕೊನೆಯ ಎರಡು ಸಂಖ್ಯೆಗಳನ್ನು ಗುಣಿಸಿದರೆ 65 ಬರುತ್ತದೆ. ಅದು 65 ವ್ಯಾಟಿನ, ಪವರ್ ಡೆಲಿವರಿ ಎಂಬ ಸಾಮಾನ್ಯ ಪದ್ಧತಿಯ ಚಾರ್ಜರು, ನಮ್ಮಲ್ಲಿರುವ ಸಾಧಾರಣ ಆಫೀಸು ಲ್ಯಾಪ್‌ಟಾಪ್‌ಗಳಿಗೆ ಅದು ಧಾರಾಳವಾಗಿ ಸಾಕು. ಕೊನೆಯ ಸಾಲು 20 ವೋಲ್ಟ್ 2.25 ಆಂಪಿಯರ್ ಆಗಿದ್ದರೆ 45 ವ್ಯಾಟ್. ಬರವಣಿಗೆ, ಆನ್‌ಲೈನ್ ಪಾಠ, ಲೆಕ್ಕಪತ್ರದಂಥ ಕೆಲಸಕ್ಕೆ ಅದೂ ನಡೆಯುತ್ತದೆ, ಚಾರ್ಜ್ ಆಗುವುದು ನಿಧಾನ. 20 ವೋಲ್ಟಿನ ಸಾಲೇ ಇಲ್ಲದಿದ್ದರೆ ಅದನ್ನು ನೆಚ್ಚಿಕೊಳ್ಳಬೇಡಿ: ಕೆಲವು ಲ್ಯಾಪ್‌ಟಾಪ್‌ಗಳು ಅದನ್ನು ಒಪ್ಪುವುದೇ ಇಲ್ಲ, ಕೆಲವು ಮುಚ್ಚಿಟ್ಟಾಗ ಮಾತ್ರ ಆಮೆಯ ನಡಿಗೆಯಲ್ಲಿ ಚಾರ್ಜ್ ಆಗುತ್ತವೆ, ಇನ್ನು ಕೆಲವು ಕಡಿಮೆ ವ್ಯಾಟಿನ ಅಡಾಪ್ಟರ್ ಎಂದು ಪರದೆಯ ಮೇಲೆ ಎಚ್ಚರಿಕೆ ತೋರಿಸಿ ತಮ್ಮ ವೇಗವನ್ನು ತಾವೇ ಇಳಿಸಿಕೊಳ್ಳುತ್ತವೆ.

ನನ್ನ ಮೊಬೈಲ್ ಚಾರ್ಜರಿನ ಮೇಲೆ 80 ವ್ಯಾಟ್ ಎಂದು ದೊಡ್ಡದಾಗಿ ಬರೆದಿದೆ. ಅದು 65ಕ್ಕಿಂತ ಹೆಚ್ಚೇ ಅಲ್ಲವೇ?

ಸಂಖ್ಯೆಯೇನೋ ಹೆಚ್ಚು, ಆದರೆ ಆ 80 ವ್ಯಾಟ್ ಸಿಗುವುದು ಅದೇ ಕಂಪನಿಯ ಫೋನಿಗೆ ಮಾತ್ರ. ಇಂಥ ಒಂದು ಚಾರ್ಜರಿನ ಹಿಂಬದಿಯಲ್ಲಿ 5 ವೋಲ್ಟ್ 2 ಆಂಪಿಯರ್, 11 ವೋಲ್ಟ್ 7.3 ಆಂಪಿಯರ್ ಎಂದಿರುತ್ತದೆ. ಈ 11 ವೋಲ್ಟಿನ ಭಾಷೆ ಆ ಫೋನಿಗೆ ಗೊತ್ತು, ಲ್ಯಾಪ್‌ಟಾಪಿಗೆ ಗೊತ್ತಿಲ್ಲ. ಹೀಗಾಗಿ ಲ್ಯಾಪ್‌ಟಾಪಿಗೆ ಉಳಿಯುವುದು 5 ವೋಲ್ಟಿನ 10 ವ್ಯಾಟ್ ಮಾತ್ರ. ಈಚಿನ ಕೆಲವು ಮೊಬೈಲ್ ಚಾರ್ಜರ್‌ಗಳು ತಮ್ಮ ಕಂಪನಿಯ ಪದ್ಧತಿಯ ಜೊತೆಗೆ ಪವರ್ ಡೆಲಿವರಿಯನ್ನೂ ಕೊಡುತ್ತವೆ ಎಂಬುದು ನಿಜ. ಆದ್ದರಿಂದ ಮುಂಬದಿಯ ದೊಡ್ಡ ಅಕ್ಷರವನ್ನು ಬಿಟ್ಟು ಹಿಂಬದಿಯ ಸಣ್ಣ ಅಕ್ಷರವನ್ನೇ ಓದಬೇಕು.

ಕೇಬಲ್ ಯಾವುದಾದರೂ ಆದೀತೇ?

ಆಗದು. ಚಾರ್ಜರ್ ಸರಿಯಿದ್ದೂ ಲ್ಯಾಪ್‌ಟಾಪ್ ಚಾರ್ಜ್ ಆಗುತ್ತಿಲ್ಲವೆಂದು ಬರುವ ದೂರುಗಳಲ್ಲಿ ಕೇಬಲ್ಲಿನ ಪಾಲು ದೊಡ್ಡದು. ಒಂದು ತುದಿಯಲ್ಲಿ ಹಳೆಯ ಚಪ್ಪಟೆ ಯುಎಸ್‌ಬಿ, ಇನ್ನೊಂದು ತುದಿಯಲ್ಲಿ ಟೈಪ್-ಸಿ ಇರುವ ಕೇಬಲ್ ಈ ಕೆಲಸಕ್ಕೆ ಬಾರದು. ಪವರ್ ಡೆಲಿವರಿಗೆ ಎರಡೂ ತುದಿ ಟೈಪ್-ಸಿ ಆಗಿರಲೇಬೇಕು. ಅಂಥ ಸಾಮಾನ್ಯ ಕೇಬಲ್ 3 ಆಂಪಿಯರ್ ಹೊರುತ್ತದೆ, ಅಂದರೆ 20 ವೋಲ್ಟಿನಲ್ಲಿ 60 ವ್ಯಾಟ್. ಅದಕ್ಕಿಂತ ಹೆಚ್ಚು ಬೇಕಾದರೆ 5 ಆಂಪಿಯರಿನ ಕೇಬಲ್ ಬೇಕು. ಅದರ ತುದಿಯೊಳಗೆ ಇ-ಮಾರ್ಕರ್ ಎಂಬ ಪುಟ್ಟ ಚಿಪ್ಪು ಕೂತು, ತಾನೆಷ್ಟು ಹೊರಬಲ್ಲೆ ಎಂಬುದನ್ನು ಚಾರ್ಜರಿಗೆ ತಿಳಿಸುತ್ತದೆ. ಚಿಪ್ಪಿಲ್ಲದ ಕೇಬಲ್ ಹಾಕಿದರೆ 100 ವ್ಯಾಟಿನ ಚಾರ್ಜರೂ 60ಕ್ಕೇ ನಿಲ್ಲುತ್ತದೆ. ಅನಾಹುತವೇನೂ ಆಗುವುದಿಲ್ಲ, ಕೊಟ್ಟ ಹಣ ದಂಡ.

ಹೆಚ್ಚು ವ್ಯಾಟಿನ ಚಾರ್ಜರ್ ಹಾಕಿದರೆ ಲ್ಯಾಪ್‌ಟಾಪ್ ಸುಟ್ಟುಹೋಗುವುದಿಲ್ಲವೇ?

ಇಲ್ಲ. ಪವರ್ ಡೆಲಿವರಿ ಚಾರ್ಜರು ಮೊದಲು 5 ವೋಲ್ಟ್ ಮಾತ್ರ ಕೊಟ್ಟು, ತನ್ನ ಬಳಿ ಏನೇನಿದೆ ಎಂದು ಲ್ಯಾಪ್‌ಟಾಪಿಗೆ ಪಟ್ಟಿ ಒಪ್ಪಿಸುತ್ತದೆ. ಲ್ಯಾಪ್‌ಟಾಪು ತನಗೆ ಬೇಕಾದದ್ದನ್ನು ಕೇಳಿದ ಮೇಲಷ್ಟೇ 20 ವೋಲ್ಟಿಗೆ ಏರುತ್ತದೆ. ಹೋಟೆಲಿನ ಅಡುಗೆಮನೆಯಲ್ಲಿ ನೂರು ಇಡ್ಲಿ ಬೆಂದಿದ್ದರೂ ನಾವು ಕೇಳಿದ ಎರಡೇ ಎಲೆಗೆ ಬರುವಂತೆ, 100 ವ್ಯಾಟಿನ ಚಾರ್ಜರಿನಿಂದ 45 ವ್ಯಾಟ್ ಬೇಕಾದ ಲ್ಯಾಪ್‌ಟಾಪ್ ಅಷ್ಟನ್ನೇ ಎಳೆದುಕೊಳ್ಳುತ್ತದೆ.

ಗುಂಡು ಪಿನ್ನಿನ ಲ್ಯಾಪ್‌ಟಾಪ್‌ಗಳನ್ನೂ ಹೀಗೆ ಮಾರುತ್ತೀರಾ?

ಸಾಮಾನ್ಯವಾಗಿ ಇಲ್ಲ. ಡೆಲ್‌ನ ಗುಂಡು ಪಿನ್ನಿನಲ್ಲೇ ದಪ್ಪ, ಸಣ್ಣ ಎಂದು ಎರಡು ಬಗೆ. ಎಚ್‌ಪಿಯ ನೀಲಿ ಪಿನ್ನು ಬೇರೆ. ಲೆನೊವೊದ ಹಳದಿ ಚೌಕ ಪಿನ್ನು ಮತ್ತೂ ಬೇರೆ. ಡೆಲ್‌ನ ಪಿನ್ನಿನ ನಟ್ಟನಡುವೆ ಸೂಜಿಯಂಥ ಒಂದು ತಂತಿ ಇರುತ್ತದೆ. ಅದು ವಿದ್ಯುತ್ತು ಸಾಗಿಸುವುದಕ್ಕಲ್ಲ, ಚಾರ್ಜರಿನ ಗುರುತು ಹೇಳುವುದಕ್ಕೆ. ಆ ಸೂಜಿ ಬಾಗಿದ್ದರೆ ಅಥವಾ ಚಾರ್ಜರ್ ಕಳಪೆಯದಾಗಿದ್ದರೆ ಲ್ಯಾಪ್‌ಟಾಪ್ ಆನ್ ಆಗುತ್ತದೆ, ಬ್ಯಾಟರಿ ಮಾತ್ರ ತುಂಬುವುದಿಲ್ಲ. ಈ ಗೋಜಲಿಗೆ ಗ್ರಾಹಕರನ್ನು ಬಿಡುವುದು ತರವಲ್ಲವಾದ್ದರಿಂದ ಗುಂಡು ಪಿನ್ನಿನವುಗಳನ್ನು ಚಾರ್ಜರ್ ಸಹಿತವೇ ಕೊಡುತ್ತೇವೆ. ಅದೇ ಪಿನ್ನಿನ ಚಾರ್ಜರ್ ಮನೆಯಲ್ಲಿದೆ ಎಂದು ತಂದು ತೋರಿಸಿದವರಿಗೆ ಬೆಲೆ ಇಳಿಸಿದ್ದೂ ಉಂಟು. ದೊಡ್ಡ ಗೇಮಿಂಗ್ ಲ್ಯಾಪ್‌ಟಾಪ್‌ಗಳಿಗೆ 180 ವ್ಯಾಟಿನಿಂದ ಮೇಲಕ್ಕೆ ಬೇಕಾಗುವುದರಿಂದ ಅವುಗಳ ಸ್ವಂತ ಚಾರ್ಜರನ್ನು ಬಿಟ್ಟು ಮಾರುವ ಮಾತೇ ಇಲ್ಲ.

ಲ್ಯಾಪ್‌ಟಾಪಿಗೆ ಟೈಪ್-ಸಿ ಪೋರ್ಟ್ ಇದ್ದರೆ ಅದರಿಂದ ಚಾರ್ಜ್ ಆಗುತ್ತದೆ ಎಂದೇ ಅರ್ಥವೇ?

ಹಾಗೇನಿಲ್ಲ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಟೈಪ್-ಸಿ ಪೋರ್ಟ್ ಫೈಲು ಸಾಗಿಸುವುದಕ್ಕೆ ಮಾತ್ರ. ಲೆನೊವೊದ 2018ರ ಥಿಂಕ್‌ಪ್ಯಾಡ್ ಟಿ480ರಂಥವು ಟೈಪ್-ಸಿಯಿಂದಲೇ ಚಾರ್ಜ್ ಆಗುತ್ತವೆ. ಅದೇ ಕಾಲದ ಅಗ್ಗದ ಹಲವು ಮಾದರಿಗಳು ಆಗುವುದಿಲ್ಲ. ನಮ್ಮಲ್ಲಿ ‘ಚಾರ್ಜರ್ ರಹಿತ’ ಎಂಬ ಬೆಲೆ ಚೀಟಿ ಅಂಟಿಸುವ ಮುನ್ನ ಪ್ರತಿಯೊಂದಕ್ಕೂ ಟೈಪ್-ಸಿ ಚಾರ್ಜರ್ ಚುಚ್ಚಿ ನೋಡಿರುತ್ತೇವೆ.

ಒಂದೇ ಚಾರ್ಜರಿನಲ್ಲಿ ಫೋನು, ಲ್ಯಾಪ್‌ಟಾಪ್ ಎರಡನ್ನೂ ಒಟ್ಟಿಗೆ ಹಾಕಬಹುದೇ?

ಎರಡು ಪೋರ್ಟ್ ಇರುವ ಚಾರ್ಜರಾದರೆ ಹಾಕಬಹುದು, ಆದರೆ ಬರೆದಿರುವ ವ್ಯಾಟು ಇಬ್ಬರಿಗೂ ಹಂಚಿಹೋಗುತ್ತದೆ. 65 ವ್ಯಾಟಿನದು ಫೋನು ಸಿಕ್ಕಿಸಿದ ಕೂಡಲೇ ಲ್ಯಾಪ್‌ಟಾಪಿಗೆ 45ನ್ನು ಬಿಟ್ಟು ಉಳಿದ 20ನ್ನು ಫೋನಿಗೆ ಕೊಡುವಂತೆ ಮಾಡಿರುವುದು ಸಾಮಾನ್ಯ. ಹಂಚಿಕೆಯ ಈ ಲೆಕ್ಕವೂ ಆ ಸಣ್ಣ ಅಕ್ಷರಗಳಲ್ಲೇ ಇರುತ್ತದೆ.

ಚಾರ್ಜ್‌ಗೆ ಹಾಕಿ ಲ್ಯಾಪ್‌ಟಾಪ್ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ. ಬೇರೆ ಚಾರ್ಜರ್ ಹಾಕಿದ್ದರಿಂದಲೇ?

ಲೋಹದ ಮೈಯಿನ ಲ್ಯಾಪ್‌ಟಾಪಿಗೆ ಎರಡು ಪಿನ್ನಿನ ಚಾರ್ಜರ್ ಹಾಕಿದಾಗ ಹೀಗಾಗುವುದುಂಟು. ಚಾರ್ಜರಿನೊಳಗೆ ವಿದ್ಯುತ್ ಗದ್ದಲವನ್ನು ಅಡಗಿಸಲು ಇಟ್ಟಿರುವ ಕೆಪಾಸಿಟರ್ ಎಂಬ ಬಿಡಿಭಾಗದ ಮೂಲಕ ಅತ್ಯಲ್ಪ ಕರೆಂಟು ಲ್ಯಾಪ್‌ಟಾಪಿನ ಮೈಗೆ ಬರುತ್ತದೆ. ಅರ್ಥಿಂಗ್ ಇದ್ದರೆ ಅದು ನೆಲಕ್ಕೆ ಹರಿದುಹೋಗುತ್ತದೆ, ಇಲ್ಲದಿದ್ದರೆ ನಿಮ್ಮ ಮೂಲಕ ಹೋಗಲು ನೋಡುತ್ತದೆ. ಒಳ್ಳೆಯ ಚಾರ್ಜರಿನಲ್ಲಿ ಇದು ಅಪಾಯದ ಮಟ್ಟಕ್ಕೆ ಹೋಗುವುದಿಲ್ಲ, ಕಿರಿಕಿರಿ ಮಾತ್ರ. ಅಗ್ರಹಾರ, ಲಕ್ಷ್ಮೀಪುರಂ ಕಡೆಯ ಕೆಲವು ಹಳೆಯ ಮನೆಗಳಲ್ಲಿ ಮೂರು ರಂಧ್ರದ ಸಾಕೆಟ್ ಇದ್ದರೂ ಮೂರನೆಯದಕ್ಕೆ ತಂತಿಯನ್ನೇ ಎಳೆದಿರುವುದಿಲ್ಲ. ಮೂರು ಪಿನ್ನಿನ ಚಾರ್ಜರ್ ಹಾಕಿದ ಮೇಲೂ ಜುಮ್ಮೆನ್ನುತ್ತಿದ್ದರೆ ಮೊದಲು ಎಲೆಕ್ಟ್ರಿಷಿಯನ್‌ರನ್ನು ಕರೆಸಿ, ಆಮೇಲೆ ನಮಗೆ ಫೋನ್ ಮಾಡಿ. ಜುಮ್ಮೆನ್ನುವುದು ಬಿಟ್ಟು ಹೊಡೆಯುವಂತೆ ಆದರೆ ಆ ಚಾರ್ಜರನ್ನು ಕೂಡಲೇ ಕಿತ್ತಿಡಿ.

ನಮ್ಮ ಹಳ್ಳಿಯಲ್ಲಿ ಕರೆಂಟು ಏರಿಳಿಯುತ್ತದೆ. ಇದಕ್ಕೆ ವಿಶೇಷ ಚಾರ್ಜರ್ ಬೇಕೇ?

ಬೇಡ. ಒಳ್ಳೆಯ ಚಾರ್ಜರಿನ ‘ಇನ್‌ಪುಟ್’ ಸಾಲಿನಲ್ಲಿ 100ರಿಂದ 240 ವೋಲ್ಟ್ ಎಂದಿರುತ್ತದೆ. ಹೀಗಾಗಿ ಸುತ್ತಮುತ್ತ ಪಂಪ್‌ಸೆಟ್‌ಗಳೆಲ್ಲ ಒಟ್ಟಿಗೆ ಓಡುವಾಗ 230 ಇರಬೇಕಾದದ್ದು 170ಕ್ಕೆ ಇಳಿದು ಬಲ್ಬು ಮಂಕಾದರೂ ಚಾರ್ಜರಿಗೆ ಅದು ಲೆಕ್ಕಕ್ಕಿಲ್ಲ. ತೊಂದರೆ ಇರುವುದು ಇಳಿಯುವುದರಿಂದಲ್ಲ, ಏರುವುದರಿಂದ. ಗುಡುಗು ಸಿಡಿಲಿನ ಹೊತ್ತಿನಲ್ಲಿ, ಕರೆಂಟು ಹೋಗಿ ಬಂದು ಆಟವಾಡುವಾಗ, ಚಾರ್ಜರನ್ನು ಸಾಕೆಟ್ಟಿನಿಂದ ಕಿತ್ತಿಡುವುದು ಯಾವ ಉಪಕರಣಕ್ಕಿಂತಲೂ ಒಳ್ಳೆಯ ರಕ್ಷಣೆ.

300 ರೂಪಾಯಿಗೆ ಸಿಗುವ ಚಾರ್ಜರ್ ಕೊಂಡರೆ ಏನಾಗುತ್ತದೆ?

ಚಾರ್ಜರ್ ರಹಿತ ಮಾರಾಟದ ಬಗ್ಗೆ ನಮಗಿರುವ ನಿಜವಾದ ಅಳುಕು ಇದೇ. 1,500 ಉಳಿಸಿದ ಗ್ರಾಹಕರು ಹೊರಗೆ ಹೋಗಿ ಹೆಸರು ಕುಲ ಇಲ್ಲದ ಚಾರ್ಜರ್ ಕೊಂಡರೆ, ಡಬ್ಬಿಯಲ್ಲೇ ಒಂದನ್ನು ಇಟ್ಟು ಕೊಡುತ್ತಿದ್ದ ಹಳೆಯ ಪದ್ಧತಿಯೇ ಮೇಲಾಗಿತ್ತು ಎನ್ನಬೇಕಾಗುತ್ತದೆ. ಹೀಗೆ ತಂದ ಒಂದನ್ನು ಬಿಚ್ಚಿ ನೋಡಿದಾಗ, 230 ವೋಲ್ಟಿನ ಭಾಗಕ್ಕೂ 20 ವೋಲ್ಟಿನ ಭಾಗಕ್ಕೂ ನಡುವೆ ಅಕ್ಕಿಕಾಳಿನಷ್ಟೂ ಅಂತರ ಇರಲಿಲ್ಲ. ಫ್ಯೂಸು ಇರಬೇಕಾದ ಜಾಗದಲ್ಲಿ ಒಂದು ತುಂಡು ತಂತಿಯನ್ನು ಬೆಸುಗೆ ಹಾಕಿದ್ದರು.

ಲ್ಯಾಪ್‌ಟಾಪಿನ ಅಡಾಪ್ಟರ್‌ಗಳಿಗೆ ಬಿಐಎಸ್ ನೋಂದಣಿ ಕಡ್ಡಾಯ. ಚಾರ್ಜರಿನ ಮೇಲೆ ಬಿಐಎಸ್ ಗುರುತಿನ ಜೊತೆಗೆ ‘ಆರ್’ ಎಂಬ ಇಂಗ್ಲಿಷ್ ಅಕ್ಷರದಿಂದ ಶುರುವಾಗುವ ಎಂಟು ಅಂಕಿಗಳ ಸಂಖ್ಯೆ ಇರಬೇಕು. ಬಿಐಎಸ್ ಕೇರ್ ಎಂಬ ಆ್ಯಪ್‌ನಲ್ಲಿ ಆ ಸಂಖ್ಯೆಯನ್ನು ಹಾಕಿದರೆ ಯಾವ ತಯಾರಕರದು, ಯಾವ ವಸ್ತುವಿನದು ಎಂಬುದು ಬರುತ್ತದೆ. ಸಂಖ್ಯೆ ಇದೆ ಎಂಬುದಕ್ಕೇ ತೃಪ್ತರಾಗದೆ ಹಾಕಿ ನೋಡಿ. ಬೇರೆ ಯಾವುದೋ ವಸ್ತುವಿನ ಸಂಖ್ಯೆಯನ್ನು ಚಾರ್ಜರಿನ ಮೇಲೆ ಅಚ್ಚು ಹಾಕಿರುವುದನ್ನು ನಮ್ಮ ಮೇಜಿನ ಮೇಲೆಯೇ ಕಂಡಿದ್ದೇವೆ.

ಬೇರೆ ಚಾರ್ಜರ್ ಬಳಸಿದರೆ ವಾರಂಟಿ ಹೋಗುತ್ತದೆಯೇ?

ನಾವು ಕೊಡುವ ವಾರಂಟಿ ಅಷ್ಟಕ್ಕೇ ಹೋಗುವುದಿಲ್ಲ. ಕಳಪೆ ಚಾರ್ಜರಿನಿಂದ ಪೋರ್ಟ್ ಸುಟ್ಟಿರುವುದು ಕಂಡುಬಂದರೆ ಆ ದುರಸ್ತಿಗೆ ಹಣ ಕೊಡಬೇಕಾಗುತ್ತದೆ. ಹೊಸ ಲ್ಯಾಪ್‌ಟಾಪ್‌ಗಳಿಗೆ ಆಯಾ ಕಂಪನಿಯ ಷರತ್ತುಗಳು ಅನ್ವಯಿಸುತ್ತವೆ, ವಾರಂಟಿ ಕಾರ್ಡನ್ನು ಓದಿಕೊಳ್ಳಿ.

ಚಾರ್ಜರ್ ಬೇಡವೆಂದು ಹೋಗಿ ಆಮೇಲೆ ಬೇಕೆನಿಸಿದರೆ?

30 ದಿನಗಳೊಳಗೆ ಬಿಲ್ಲು ತಂದರೆ ಕೊಂಡ ದಿನದ ಬೆಲೆಗೇ ಕೊಡುತ್ತೇವೆ. ಮನೆಯಲ್ಲಿ ಒಂದು, ಕಚೇರಿಯಲ್ಲಿ ಒಂದು ಬೇಕು ಎಂದು ಎರಡನೆಯದನ್ನು ಕೊಳ್ಳಲು ಬರುವವರೂ ಇದ್ದಾರೆ. ಮಂಡ್ಯದಿಂದ ದಿನಾ ರೈಲಿನಲ್ಲಿ ಬಂದು ಹೋಗುವವರಿಗೆ ಬ್ಯಾಗಿನ ತೂಕ ಇಳಿಸಲು ಅದು ಉಪಾಯವೇ ಹೌದು.

ಮನೆಯಲ್ಲಿ ಕೆಟ್ಟು ಬಿದ್ದಿರುವ ಚಾರ್ಜರ್‌ಗಳನ್ನು ಏನು ಮಾಡಬೇಕು?

ಕಸದ ಗಾಡಿಗೆ ಹಾಕಬೇಡಿ, ತಾಮ್ರಕ್ಕಾಗಿ ತಂತಿ ಸುಡುವವರ ಕೈಗೂ ಕೊಡಬೇಡಿ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ ಇವು ನೋಂದಾಯಿತ ಮರುಬಳಕೆದಾರರಿಗೇ ಹೋಗಬೇಕು. ನಮ್ಮಲ್ಲಿ ತಂದುಕೊಟ್ಟರೆ ಒಟ್ಟುಗೂಡಿಸಿ ಕಳಿಸುತ್ತೇವೆ. ಅದಕ್ಕೆ ಹಣ ಕೊಡುವುದೂ ಇಲ್ಲ, ಕೇಳುವುದೂ ಇಲ್ಲ.

ಅಂಗಡಿಗೆ ಬರುವಾಗ ಏನು ತರಬೇಕು?

ಮನೆಯ ಚಾರ್ಜರನ್ನೂ ಅದರ ಕೇಬಲನ್ನೂ ತನ್ನಿ. ಕೇಬಲ್ ಮರೆತು ಬರುವವರೇ ಹೆಚ್ಚು. ನೀವು ಆರಿಸಿದ ಲ್ಯಾಪ್‌ಟಾಪಿಗೂ ಚಾರ್ಜರಿಗೂ ನಡುವೆ ಹೆಬ್ಬೆರಳಿನಷ್ಟು ಉದ್ದದ ಒಂದು ಮೀಟರ್ ಸಿಕ್ಕಿಸುತ್ತೇವೆ. ಅದರ ಪರದೆಯ ಮೇಲೆ 5 ಎಂದು ಮೂಡಿದ ಅಂಕಿ ಕಣ್ಣು ಮಿಟುಕಿಸುವಷ್ಟರಲ್ಲಿ 20ಕ್ಕೆ ನೆಗೆದು, ಕೆಳಗೆ ಆಂಪಿಯರ್ ಏರತೊಡಗಿದರೆ ನಿಮ್ಮ ಚಾರ್ಜರ್ ಪಾಸು. 5ರಲ್ಲೇ ನಿಂತರೆ ಮೊದಲು ಕೇಬಲ್ ಬದಲಿಸಿ ನೋಡುತ್ತೇವೆ, ಆಮೇಲೆ ಚಾರ್ಜರಿನ ಮಾತು. ಬ್ಯಾಟರಿ ಸ್ವಲ್ಪ ಖಾಲಿ ಇದ್ದರಷ್ಟೇ ಈ ಪರೀಕ್ಷೆ ಸರಿಯಾಗಿ ನಡೆಯುವುದರಿಂದ ಹತ್ತು ನಿಮಿಷ ಕಾಯಬೇಕಾಗಬಹುದು. ದೂರದಿಂದ ಬರುವವರು ಹಿಂದಿನ ದಿನವೇ ಚಾರ್ಜರಿನ ಹಿಂಬದಿಯ ಫೋಟೋ ಕಳಿಸಿದರೆ, ಬರಬೇಕೇ ಬೇಡವೇ ಎಂಬುದನ್ನು ಬಸ್ಸು ಹತ್ತುವ ಮುಂಚೆಯೇ ತಿಳಿಸುತ್ತೇವೆ.